ಶಿಕ್ಷೆಯ ಪ್ರಮಾಣ: ಅಳತೆಗೋಲು ಯಾರದು?

'ಆರೋಪ ಸಾಬೀತು, ಶಿಕ್ಷೆಯ ಪ್ರಮಾಣ ನಾಳೆ ಪ್ರಕಟ' - ಪತ್ರಿಕೆಗಳಲ್ಲಿ ಆಗಾಗ ಕಾಣಿಸುವ ಈ ಸಾಲನ್ನು ನಾವು ಓದಿ ಪುಟ ತಿರುವಿಬಿಡುತ್ತೇವೆ. ಆದರೆ ಅಪರಾಧಿ ಎಂದು ಘೋಷಿಸುವುದಕ್ಕೂ ಇಷ್ಟು ವರ್ಷ ಸೆರೆವಾಸ ಎಂದು ಲೆಕ್ಕ ಹೇಳುವುದಕ್ಕೂ ನಡುವೆ ಇರುವ ಆ ಒಂದು ದಿನ, ಎಷ್ಟೋ ಸಲ ಒಂದೇ ಗಂಟೆ, ನಮ್ಮ ನ್ಯಾಯವ್ಯವಸ್ಥೆಯ ಬಹುಮುಖ್ಯ ಗಳಿಗೆ. ಅಲ್ಲಿಯವರೆಗೆ 'ಏನು ನಡೆಯಿತು?' ಎಂದು ಕೇಳುತ್ತಿದ್ದ ನ್ಯಾಯಾಲಯ ಆಗ 'ಇವನು ಯಾರು?' ಎಂದು ಕೇಳಬೇಕು. ಇದು ನ್ಯಾಯಾಧೀಶರ ಔದಾರ್ಯವಲ್ಲ, ಕಾನೂನೇ ವಿಧಿಸಿದ ಕರ್ತವ್ಯ. 1973ರ ದಂಡ ಪ್ರಕ್ರಿಯಾ ಸಂಹಿತೆಯ 235ನೇ ಕಲಮು ಶಿಕ್ಷೆಯ ಬಗ್ಗೆ ಅಪರಾಧಿಯ ಮಾತನ್ನು ಪ್ರತ್ಯೇಕವಾಗಿ ಕೇಳಬೇಕೆಂದು ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. 1980ರ ಬಚ್ಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮರಣದಂಡನೆ ಕೊಡುವ ಮುನ್ನ ಅಪರಾಧವನ್ನಷ್ಟೇ ಅಲ್ಲ, ಅಪರಾಧಿಯ ಬದುಕನ್ನೂ ತೂಗಬೇಕು ಎಂದಿತು.

ಅಂದರೆ ನ್ಯಾಯಾಲಯ ಆ ಗಳಿಗೆಯಲ್ಲಿ ಕೇಳುವುದು ಒಂದು ಕಥೆಯನ್ನು. ಕಥೆ ಬರೆಯುವ ಕೆಲಸದಲ್ಲಿ ತೊಡಗಿರುವ ನಮ್ಮಂಥವರಿಗೆ ಅಲ್ಲೇ ಒಂದು ಪ್ರಶ್ನೆ ಏಳುತ್ತದೆ. ಬಡವನ ಪರವಾಗಿ ಆ ಕಥೆಯನ್ನು ಹೇಳುವವರು ಯಾರು? ಹಣವಂತನ ಬಳಿ ಹಿರಿಯ ವಕೀಲರಿದ್ದಾರೆ, ವೈದ್ಯರ ಪ್ರಮಾಣಪತ್ರಗಳಿವೆ, ಶಾಲೆ, ದೇವಸ್ಥಾನ, ಆಸ್ಪತ್ರೆಗೆ ಕೊಟ್ಟ ದೇಣಿಗೆಯ ಪಟ್ಟಿಯಿದೆ. ಬಡವನ ಪರವಾಗಿ ಹೇಳುವ ಮಾತು ಬಹುತೇಕ ಎಲ್ಲ ತೀರ್ಪುಗಳಲ್ಲೂ ಒಂದೇ ಅಚ್ಚಿನದು: ಆರೋಪಿ ಬಡವ, ವಯಸ್ಸಾದ ತಂದೆತಾಯಿ ಇದ್ದಾರೆ, ಚಿಕ್ಕ ಮಕ್ಕಳಿದ್ದಾರೆ, ಕರುಣೆ ತೋರಬೇಕು. ಸಾವಿರಾರು ಬೇರೆ ಬೇರೆ ಬದುಕುಗಳಿಗೆ ಒಂದೇ ವಾಕ್ಯ! 2022ರ ಮೇ ತಿಂಗಳಲ್ಲಿ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆರೋಪಿಯ ಕೌಟುಂಬಿಕ, ಸಾಮಾಜಿಕ, ಮಾನಸಿಕ ಹಿನ್ನೆಲೆಯ ಮಾಹಿತಿಯನ್ನು ವಿಚಾರಣೆಯ ಹಂತದಲ್ಲೇ ಸಂಗ್ರಹಿಸಬೇಕೆಂದು ಹೇಳಬೇಕಾಗಿ ಬಂದದ್ದು ಈ ಕಾರಣಕ್ಕೇ.

ಬಚ್ಚನ್ ಸಿಂಗ್ ಪ್ರಕರಣದಲ್ಲಿ ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಎನ್. ಭಗವತಿ, ಗಲ್ಲುಗಂಬ ಹೆಚ್ಚಾಗಿ ಬಡವರನ್ನೇ ಆರಿಸಿಕೊಳ್ಳುತ್ತದೆ ಎಂಬ ಅರ್ಥದ ಮಾತನ್ನು 1982ರಲ್ಲೇ ದಾಖಲಿಸಿದ್ದರು. ಆಗ ಅದು ಸಂವೇದನಾಶೀಲ ನ್ಯಾಯಾಧೀಶರೊಬ್ಬರ ಅನಿಸಿಕೆಯಂತೆ ಕಂಡಿರಬಹುದು. 2016ರಲ್ಲಿ ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಮರಣದಂಡನೆಗೆ ಗುರಿಯಾದ 373 ಕೈದಿಗಳ ಅಧ್ಯಯನ ಪ್ರಕಟಿಸಿದಾಗ, ಅವರಲ್ಲಿ ಶೇಕಡಾ 74.1 ಮಂದಿ ಆರ್ಥಿಕವಾಗಿ ದುರ್ಬಲರು ಎಂದು ತಿಳಿಯಿತು. ಭಗವತಿಯವರ ಅನಿಸಿಕೆಗೆ ಅಂಕಿಸಂಖ್ಯೆಯ ಬೆಂಬಲ ಸಿಕ್ಕಲು ಮೂವತ್ತನಾಲ್ಕು ವರ್ಷ ಬೇಕಾಯಿತು.

ಹದಿಮೂರು ತಿಂಗಳ ಬೆಲೆ

ಹಣದ ಮಾತು ಬಂದಾಗ ನಮ್ಮ ಮನಸ್ಸು ತಕ್ಷಣ ಲಂಚದ ಕಡೆ ಹೋಗುತ್ತದೆ. ಆದರೆ ಲಂಚವಿಲ್ಲದೆ, ಕಾನೂನಿನ ಒಳಗೇ, ರಸೀದಿ ಪಡೆದು ಹಣ ಮಾಡುವ ಕೆಲಸ ಇನ್ನೂ ದೊಡ್ಡದು. ಇದಕ್ಕೆ ಬೆಂಗಳೂರಿನಲ್ಲೇ ನಡೆದ ಒಂದು ಪ್ರಕರಣವನ್ನು ನೋಡೋಣ.

ತಮಿಳುನಾಡಿನ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಕರ್ನಾಟಕಕ್ಕೆ ವರ್ಗಾಯಿಸಿತು. 1996ರಲ್ಲಿ ಆರಂಭವಾದ ಪ್ರಕರಣದ ತೀರ್ಪು ಹೊರಬಿದ್ದದ್ದು 2014ರ ಸೆಪ್ಟೆಂಬರ್ 27ರಂದು, ಪರಪ್ಪನ ಅಗ್ರಹಾರದಲ್ಲಿ. ನ್ಯಾಯಾಧೀಶ ಜಾನ್ ಮೈಕೆಲ್ ಡಿ'ಕುನ್ಹಾ ನಾಲ್ವರಿಗೂ ನಾಲ್ಕು ವರ್ಷ ಸೆರೆವಾಸ, ಜಯಲಲಿತಾ ಅವರಿಗೆ 100 ಕೋಟಿ ರೂಪಾಯಿ ದಂಡ, ಉಳಿದ ಮೂವರಿಗೆ ತಲಾ 10 ಕೋಟಿ ದಂಡ ವಿಧಿಸಿದರು. 2015ರ ಮೇ 11ರಂದು ಕರ್ನಾಟಕ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟ್ ಮೂಲ ತೀರ್ಪನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ, 2016ರ ಡಿಸೆಂಬರ್ 5ರಂದು, ಮೊದಲ ಆರೋಪಿ ತೀರಿಕೊಂಡಿದ್ದರು.

ಈ ಪ್ರಕರಣ ಎರಡು ಮಾತು ಹೇಳುತ್ತದೆ. ಒಂದು, ಅಧಿಕಾರದಲ್ಲಿರುವ ಮುಖ್ಯಮಂತ್ರಿಯನ್ನೂ ಕಟಕಟೆಯಿಂದ ನೇರ ಜೈಲಿಗೆ ಕಳಿಸುವ ಧೈರ್ಯ ನಮ್ಮ ಕೆಳಹಂತದ ನ್ಯಾಯಾಧೀಶರಿಗೆ ಇದೆ. 'ದುಡ್ಡಿದ್ದವರಿಗೆ ಶಿಕ್ಷೆಯೇ ಆಗುವುದಿಲ್ಲ' ಎಂದು ಜಗುಲಿಯ ಮೇಲೆ ಕುಳಿತು ಹೇಳುವ ಮಾತು ಪೂರ್ತಿ ಸತ್ಯವಲ್ಲ. ಎರಡು, ಹಣ ಕೊಳ್ಳುವುದು ಮುಖ್ಯವಾಗಿ ಕಾಲವನ್ನು. ವಿಚಾರಣೆಯೊಂದಕ್ಕೇ ಹದಿನೆಂಟು ವರ್ಷ ಹಿಡಿಯಿತು.

ಕಾಲವಷ್ಟೇ ಅಲ್ಲ, ಗಮನವನ್ನೂ. ಹೈಕೋರ್ಟಿನ ತೀರ್ಪಿನಲ್ಲಿ ಸಾಲಗಳ ಪಟ್ಟಿಯ ಕೆಳಗೆ 24 ಕೋಟಿ 17 ಲಕ್ಷ ಎಂದು ಮೊತ್ತ ಬರೆದಿತ್ತು. ಪಟ್ಟಿಯನ್ನು ಕೂಡಿದರೆ ಬರುವುದು 10 ಕೋಟಿ 67 ಲಕ್ಷ. ಆ ಕೂಡುವಿಕೆಯ ಆಧಾರದಲ್ಲೇ ಅಕ್ರಮ ಆಸ್ತಿಯ ಪ್ರಮಾಣ ಶೇಕಡಾ 8.12 ಎಂದಾಗಿ, ರಿಯಾಯಿತಿ ಕೊಡಬಹುದಾದ ಹತ್ತರ ಗಡಿಯೊಳಗೆ ಬಂದಿತ್ತು. ವಿಶೇಷ ಸರ್ಕಾರಿ ಅಭಿಯೋಜಕ ಬಿ.ವಿ. ಆಚಾರ್ಯ ಅದನ್ನು ಎತ್ತಿ ತೋರಿಸಿದರು, ದೇಶವೇ ಪೆನ್ನು ಹಿಡಿದು ಕೂಡಿ ನೋಡಿತು. ಒಳ್ಳೆಯದೇ ಆಯಿತು. ಆದರೆ ಜೇಬುಗಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನ ತೀರ್ಪಿನಲ್ಲಿ ದಿನಗಳ ಲೆಕ್ಕ ತಪ್ಪಿದರೆ ಕೂಡಿ ನೋಡುವವರು ಯಾರಿದ್ದಾರೆ?

ಇನ್ನು ದಂಡದ ವಿಷಯ. 'ದಂಡ ತೆರಲು ತಪ್ಪಿದಲ್ಲಿ ಇಷ್ಟು ತಿಂಗಳು ಹೆಚ್ಚುವರಿ ಸೆರೆವಾಸ' ಎಂಬುದು ನಮ್ಮ ತೀರ್ಪುಗಳ ಕೊನೆಯಲ್ಲಿ ತಪ್ಪದೆ ಬರುವ ವಾಕ್ಯ. ಶಶಿಕಲಾ ಅವರ ಬಿಡುಗಡೆಯ ಬಗ್ಗೆ ಮಾಹಿತಿ ಹಕ್ಕಿನಡಿ ಕೇಳಿದಾಗ ಕಾರಾಗೃಹ ಇಲಾಖೆ ಎರಡು ದಿನಾಂಕ ಕೊಟ್ಟಿತ್ತು: ದಂಡ ಕಟ್ಟಿದರೆ 2021ರ ಜನವರಿ 27, ಕಟ್ಟದಿದ್ದರೆ 2022ರ ಫೆಬ್ರುವರಿ 27. 2020ರ ನವೆಂಬರಿನಲ್ಲಿ ದಂಡ ಪಾವತಿಯಾಯಿತು, ಜನವರಿಯಲ್ಲಿ ಅವರು ಬಿಡುಗಡೆಯಾದರು. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಪ್ರಶ್ನೆ ಇರುವುದೇ ಅಲ್ಲಿ. ಹದಿಮೂರು ತಿಂಗಳ ಸ್ವಾತಂತ್ರ್ಯಕ್ಕೆ ಬೆಲೆ ಕಟ್ಟಿ, ಇದ್ದವರು ಕೊಂಡುಕೊಳ್ಳಿ ಎಂದು ಕಾನೂನೇ ಹೇಳುತ್ತಿದೆ. ಐದು ಸಾವಿರ ರೂಪಾಯಿ ದಂಡ ಕಟ್ಟಲಾಗದೆ ತಿಂಗಳುಗಟ್ಟಲೆ ಒಳಗೇ ಕೊಳೆಯುವವನು ಹೆಚ್ಚು ಅಪರಾಧ ಮಾಡಿದವನಲ್ಲ, ಹೆಚ್ಚು ಬಡವ ಅಷ್ಟೇ. ಅವನ ಹೆಚ್ಚುವರಿ ಶಿಕ್ಷೆ ಬಡತನಕ್ಕೆ ವಿಧಿಸಿದ ಶಿಕ್ಷೆ.

ಬೇರೆ ದಾರಿ ಇಲ್ಲವೆಂದಲ್ಲ. ಫಿನ್‌ಲೆಂಡಿನಲ್ಲಿ 1921ರಿಂದಲೂ ದಂಡವನ್ನು ಅಪರಾಧಿಯ ದಿನದ ಆದಾಯದ ಲೆಕ್ಕದಲ್ಲಿ ವಿಧಿಸುತ್ತಾರೆ. 2002ರಲ್ಲಿ ನೋಕಿಯಾ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಮಿತಿಮೀರಿದ ವೇಗದಲ್ಲಿ ಮೋಟಾರ್‌ಸೈಕಲ್ ಓಡಿಸಿದ್ದಕ್ಕೆ 1,16,000 ಯೂರೋ ದಂಡ ಬಿತ್ತು. ಆದಾಯ ಕಡಿಮೆಯಾಗಿದೆಯೆಂದು ಅವರು ತೋರಿಸಿದ ಮೇಲೆ ಅದು ಇಳಿಯಿತು. ಇಬ್ಬರಿಗೂ ಒಂದೇ ಮೊತ್ತ ಹಾಕುವುದು ಸಮಾನತೆಯಲ್ಲ, ಇಬ್ಬರಿಗೂ ಒಂದೇ ನೋವಾಗುವಂತೆ ಮಾಡುವುದು ಸಮಾನತೆ ಎಂಬ ತಿಳಿವಳಿಕೆ ಅದರ ಹಿಂದಿದೆ.

ತೀರ್ಪಿಗೆ ಮುಂಚಿನ ಶಿಕ್ಷೆ

ಶಿಕ್ಷೆ ತೀರ್ಪಿನ ದಿನ ಶುರುವಾಗುತ್ತದೆ ಎಂದು ನಂಬುವವರು ಜಾಮೀನಿನ ಕಟ್ಟೆ ಹತ್ತಿದವರಲ್ಲ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ನ್ಯಾಯಾಲಯ 10,000 ರೂಪಾಯಿಯ ಭದ್ರತೆ ಕೇಳಿತು, ಅವನ ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಆತನ ಜಾಮೀನನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಆ ತೀರ್ಪು ಕಾನೂನು ವಿದ್ಯಾರ್ಥಿಗಳಿಗೆ ಬಾಯಿಪಾಠ. ಆದರೆ ಗೋರಿಪಾಳ್ಯದ ಬಾಡಿಗೆ ಕೋಣೆಯಲ್ಲಿರುವ ಬೀಡಿ ಕಟ್ಟುವ ತಾಯಿ ಇವತ್ತಿಗೂ ಮಗನ ಜಾಮೀನಿಗೆ ಪಹಣಿ ಇರುವವರನ್ನು ಹುಡುಕಿಕೊಂಡು ಅಲೆಯಬೇಕು. ನಗರದ ಬಡವನಿಗೆ ಪಹಣಿ ಎಲ್ಲಿಂದ ಬರಬೇಕು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಂತೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು, ಎಂದರೆ ನಾಲ್ವರಲ್ಲಿ ಮೂವರಿಗೆ ಇನ್ನೂ ತೀರ್ಪೇ ಆಗಿರಲಿಲ್ಲ. ಇದರ ಪರಿಣಾಮ ಶಿಕ್ಷೆಯ ಮೇಲೂ ಆಗುತ್ತದೆ. ಸಣ್ಣ ಅಪರಾಧದ ಆರೋಪಿ ಎಂಟು ತಿಂಗಳು ಒಳಗಿದ್ದ ಮೇಲೆ, 'ತಪ್ಪೊಪ್ಪಿಕೋ, ಕಳೆದ ದಿನಗಳನ್ನೇ ಶಿಕ್ಷೆಯೆಂದು ಲೆಕ್ಕ ಹಾಕಿ ಬಿಡುತ್ತಾರೆ' ಎಂಬ ಸಲಹೆ ಬಂದರೆ ಒಪ್ಪಿಕೊಳ್ಳದೆ ಏನು ಮಾಡಿಯಾನು? ನಿರಪರಾಧಿಯಾಗಿ ಹೋರಾಡಲು ಹೊರಗಿರಬೇಕು, ಹೊರಗಿರಲು ಹಣವಿರಬೇಕು. ಹೀಗೆ ಅವನ ಹೆಸರಿನ ಮುಂದೆ 'ಹಳೇ ಅಪರಾಧಿ' ಎಂಬ ಬಿರುದು ಸೇರುತ್ತದೆ. ಮುಂದಿನ ಸಲ ಶಿಕ್ಷೆಯ ಪ್ರಮಾಣ ನಿರ್ಧರಿಸುವಾಗ ಅದೇ ಬಿರುದು ಅವನ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಚಾಮರಾಜಪೇಟೆ ಕ್ಷೇತ್ರದ ಪಾದರಾಯನಪುರದಲ್ಲಿ 2020ರ ಏಪ್ರಿಲ್ 19ರ ರಾತ್ರಿ ನಡೆದದ್ದು ನೆನಪಿರಬಹುದು. ಕೊರೋನಾ ಕೆಲಸಕ್ಕೆ ಬಂದ ಸಿಬ್ಬಂದಿಯ ಮೇಲೆ ಜನ ತಿರುಗಿಬಿದ್ದರು. ಅದು ತಪ್ಪು, ಅದಕ್ಕೆ ಸಮರ್ಥನೆಯಿಲ್ಲ. ಆದರೆ ನೂರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿ ಸಾಂಕ್ರಾಮಿಕದ ನಡುವೆ ರಾಮನಗರದ ಜೈಲಿಗೆ ತುಂಬಿದರು, ಅವರಲ್ಲಿ ಕೆಲವರಿಗೆ ಸೋಂಕಿರುವುದು ಅಲ್ಲಿ ಗೊತ್ತಾಯಿತು. ಹೈಕೋರ್ಟಿನ ಜಾಮೀನು ಸಿಕ್ಕಿದ್ದು ಮೇ ತಿಂಗಳ ಕೊನೆಗೆ. ಯಾರು ಕಲ್ಲೆಸೆದರು, ಯಾರು ಬರೀ ನಿಂತು ನೋಡಿದರು ಎಂದು ವಿಚಾರಣೆ ಹೇಳುವ ಮೊದಲೇ ಎಲ್ಲರೂ ಒಂದೇ ಪ್ರಮಾಣದ ಶಿಕ್ಷೆ ಅನುಭವಿಸಿಯಾಗಿತ್ತು.

ಗೋಡೆಯ ಒಳಗಿನ ವರ್ಗಗಳು

ಶೇಷಾದ್ರಿ ರಸ್ತೆಯ ಹಳೆಯ ಸೆಂಟ್ರಲ್ ಜೈಲು 2008ರಿಂದ ಫ್ರೀಡಂ ಪಾರ್ಕ್. ಮಲ್ಲೇಶ್ವರದಿಂದಲೂ ಬಸವನಗುಡಿಯಿಂದಲೂ ಜನ ಅಲ್ಲಿಗೆ ಧರಣಿಗೆ ಬರುತ್ತಾರೆ, ಮಕ್ಕಳನ್ನು ಕರೆತಂದು ಕಾವಲು ಗೋಪುರ ತೋರಿಸುತ್ತಾರೆ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಇಟ್ಟಿದ್ದ ಜೈಲು ಅದು. ನಟಿ ಸ್ನೇಹಲತಾ ರೆಡ್ಡಿ ಕಾಯಿಲೆಯಿಂದ ನರಳಿದ್ದೂ ಅಲ್ಲೇ. ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ಅವರು ತೀರಿಕೊಂಡರು. ಕೈದಿಯ ಅಂತಸ್ತು, ವಿದ್ಯೆ, ರೂಢಿಯ ಬದುಕು ನೋಡಿ ಎ, ಬಿ, ಸಿ ಎಂದು ದರ್ಜೆ ಹಾಕುವುದು ಬ್ರಿಟಿಷರು ಬಿಟ್ಟುಹೋದ ಪದ್ಧತಿ. ಹೊರಗೆ ಹಾಸಿಗೆ ಇದ್ದವನಿಗೆ ಒಳಗೂ ಹಾಸಿಗೆ, ಹೊರಗೆ ಚಾಪೆ ಇದ್ದವನಿಗೆ ಒಳಗೂ ಚಾಪೆ!

ಕೈದಿಗಳು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಹೋದರು, ದರ್ಜೆಗಳೂ ಜೊತೆಗೇ ಹೋದವು. 2017ರ ಜುಲೈಯಲ್ಲಿ ಕಾರಾಗೃಹ ಇಲಾಖೆಯ ಡಿಐಜಿ ಡಿ. ರೂಪಾ, ಶಶಿಕಲಾ ಅವರಿಗೆ ವಿಶೇಷ ಸವಲತ್ತು ಸಿಗುತ್ತಿದೆ ಎಂದು ವರದಿ ಕೊಟ್ಟರು. 2024ರ ಆಗಸ್ಟಿನಲ್ಲಿ ಕೊಲೆ ಪ್ರಕರಣದ ವಿಚಾರಣಾಧೀನ ಕೈದಿಯಾಗಿದ್ದ ನಟ ದರ್ಶನ್ ಕುರ್ಚಿಯಲ್ಲಿ ಕುಳಿತು ಸಿಗರೇಟು ಹಿಡಿದಿದ್ದ ಚಿತ್ರ ಹೊರಬಂತು. ಅವರ ಮೇಲಿನ ಆರೋಪದ ಬಗ್ಗೆ ಹೇಳಬೇಕಾದದ್ದು ನ್ಯಾಯಾಲಯ. ನಮಗೆ ಮುಖ್ಯವಾದದ್ದು ಬೇರೆ. ಕಾಗದದ ಮೇಲೆ 'ನಾಲ್ಕು ವರ್ಷ' ಎಂದು ಒಂದೇ ಆಗಿ ಕಾಣುವ ಶಿಕ್ಷೆ ಗೋಡೆಯ ಒಳಗೆ ಒಂದೇ ಆಗಿರುವುದಿಲ್ಲ.

ನಿರಂಜನರು ಕೇಳಿಸಿದ ಕಥೆ

ನ್ಯಾಯಾಲಯ ಕೇಳದ ಕಥೆಯನ್ನು ಸಾಹಿತ್ಯ ಕೇಳಿಸಬಲ್ಲದೇ? ಕನ್ನಡದಲ್ಲಿ ಇದಕ್ಕೆ ದೊಡ್ಡ ಉದಾಹರಣೆ 1955ರಲ್ಲಿ ಬಂದ ನಿರಂಜನರ 'ಚಿರಸ್ಮರಣೆ'. ಅಂದಿನ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕಿನ ಕಯ್ಯೂರಿನಲ್ಲಿ 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಸಿಕ್ಕಿದ ಪೊಲೀಸ್ ಪೇದೆ ಸುಬ್ಬರಾಯನ್ ಹೊಳೆಯಲ್ಲಿ ಸತ್ತ. ಐವರಿಗೆ ಗಲ್ಲು ಶಿಕ್ಷೆಯಾಯಿತು, ಒಬ್ಬನಿಗೆ ಇನ್ನೂ ವಯಸ್ಸಾಗಿಲ್ಲವೆಂದು ವಿನಾಯಿತಿ ಸಿಕ್ಕಿತು. ಅಪ್ಪು, ಚಿರುಕಂಡನ್, ಕುಂಞಂಬು ನಾಯರ್ ಮತ್ತು ಅಬೂಬಕ್ಕರ್ ಎಂಬ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಜಮೀನ್ದಾರರ ಗೇಣಿ, ವಸೂಲಿ, ದಬ್ಬಾಳಿಕೆಯ ಎದುರು ಎದ್ದ ಒಕ್ಕಲು ಮಕ್ಕಳಿಗೆ ಆದ ಶಿಕ್ಷೆ ಅದು.

ನಿರಂಜನರು ಮಾಡಿದ್ದು, ಶಿಕ್ಷೆಯ ವಿಚಾರಣೆಯಲ್ಲಿ ಯಾರೂ ಹೇಳದ್ದನ್ನು ಹೇಳುವ ಕೆಲಸ. ಆ ಹುಡುಗರ ಮನೆ, ಹೊಲ, ಶಾಲೆ, ಮೇಷ್ಟರು, ತಾಯಂದಿರು, ಸಾಲ ಎಲ್ಲವನ್ನೂ ಅವರು ಓದುಗನೆದುರು ಸಾಕ್ಷಿಗೆ ಕರೆದರು. ಅಬೂಬಕ್ಕರನೂ ಅಪ್ಪುವೂ ಒಂದೇ ಹಗ್ಗಕ್ಕೆ ಕೊರಳೊಡ್ಡಿದ್ದು ಮತದ ಕಾರಣದಿಂದಲ್ಲ, ವರ್ಗದ ಕಾರಣದಿಂದ ಎಂಬುದನ್ನು ಇಂದಿನ ಕನ್ನಡ ಓದುಗ ಮತ್ತೆ ಓದಿ ತಿಳಿಯಬೇಕು.

ಆದರೂ ಒಂದು ವಿಮರ್ಶೆಯ ಮಾತು ಹೇಳಲೇಬೇಕು. ಕಾದಂಬರಿಯ ಸಹಾನುಭೂತಿ ಪೂರ್ತಿಯಾಗಿ ಹರಿಯುವುದು ರೈತರ ಕಡೆಗೆ. ಹೊಳೆಯಲ್ಲಿ ಸತ್ತ ಪೇದೆಯೂ ಪ್ರಭುತ್ವದ ಕೂಲಿಯವನೇ. ಅವನ ಮನೆಯಲ್ಲಿ ಒಲೆ ಉರಿಯಿತೇ ಎಂದು ಕೇಳುವ ಉಸಾಬರಿಗೆ ಕಥನ ಹೋಗುವುದಿಲ್ಲ. ಹೋರಾಟದ ಸಾಹಿತ್ಯಕ್ಕೆ ಅದು ಸಹಜ. ಆದರೆ ನ್ಯಾಯದ ಪ್ರಶ್ನೆಗೆ ಅದು ಸಾಲದು. ಏಕೆಂದರೆ ನಮ್ಮ ಹೆಚ್ಚಿನ ಅಪರಾಧಗಳಲ್ಲಿ ಅಪರಾಧಿಯೂ ಬಡವ, ಏಟು ತಿಂದವನೂ ಬಡವ.

ಇಲ್ಲೇ ಒಂದು ಗಂಭೀರ ಆಕ್ಷೇಪ ಎದುರಾಗುತ್ತದೆ. ಬಡತನವನ್ನು ನೋಡಿ ಶಿಕ್ಷೆ ಇಳಿಸಿದರೆ, ಬಡ ಸಂತ್ರಸ್ತೆಗೆ ಸಿಗುವ ನ್ಯಾಯವೂ ಇಳಿಯುವುದಿಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 2ರಂದು ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು, ದಂಡದ ಬಹುಪಾಲನ್ನು ಸಂತ್ರಸ್ತೆಗೆ ಕೊಡಬೇಕೆಂದಿತು. ಮಾಜಿ ಪ್ರಧಾನಿಯ ಮೊಮ್ಮಗನ ಎದುರು ಸಾಕ್ಷಿ ನುಡಿದು ನಿಂತವರು ಮನೆಕೆಲಸದ ಹೆಣ್ಣುಮಗಳು. ಆ ತೀರ್ಪಿನ ಮಹತ್ವ ಶಿಕ್ಷೆಯ ಉದ್ದದಲ್ಲಷ್ಟೇ ಇಲ್ಲ, ಆ ಹೆಣ್ಣಿನ ಮಾತಿಗೆ ಸಿಕ್ಕ ತೂಕದಲ್ಲಿದೆ. ಬಡವರಿಗೆ ಬೇಕಾದದ್ದು ವಿನಾಯಿತಿಯಲ್ಲ, ಕಟಕಟೆಯಲ್ಲಾಗಲಿ ಸಾಕ್ಷಿಯ ಪೆಟ್ಟಿಗೆಯಲ್ಲಾಗಲಿ ತಮ್ಮ ಮಾತು ಕೇಳಿಸಬೇಕು, ಅಷ್ಟೇ.

ನಮ್ಮ ಅಂಗಳದ ನ್ಯಾಯ

ಸರ್ಕಾರದ ನ್ಯಾಯಾಲಯಗಳ ಕಡೆಗೇ ಬೆರಳು ತೋರಿಸಿ ಮುಗಿಸಿದರೆ ಅದು ಅಪ್ರಾಮಾಣಿಕತೆ. ನಮ್ಮ ಮೊಹಲ್ಲಾಗಳ ಜಮಾಅತುಗಳಲ್ಲಿ ನಡೆಯುವ ಪಂಚಾಯಿತಿಗಳ ಕಥೆಯೇನು? ವಕೀಲರೂ ಕಥೆಗಾರ್ತಿಯೂ ಆಗಿರುವ ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಈ ಪ್ರಶ್ನೆಯನ್ನು ನಮ್ಮ ಮುಖಕ್ಕೇ ಹಿಡಿದ ಕಥೆ. ಗಂಡ ಕೈಬಿಟ್ಟ ಹೆಣ್ಣೊಬ್ಬಳು ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟು ಮಸೀದಿಯ ಬಳಿ ಕುಳಿತು ಮುತವಲ್ಲಿಯಿಂದ ನ್ಯಾಯ ಕೇಳುತ್ತಾಳೆ. ಮಗು ಸಾಯುತ್ತದೆ, ನ್ಯಾಯ ಬರುವುದಿಲ್ಲ. ಗಿರೀಶ್ ಕಾಸರವಳ್ಳಿ ಇದನ್ನೇ 2004ರಲ್ಲಿ 'ಹಸೀನಾ' ಎಂದು ಚಿತ್ರ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. 2025ರಲ್ಲಿ ಬಾನು ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಬಂದಾಗ ಅಭಿನಂದನಾ ಸಭೆಗಳಲ್ಲಿ ಹಾರ ಹಿಡಿದು ನಿಂತವರಲ್ಲಿ ಎಷ್ಟು ಮಂದಿ ಈ ಕಥೆಯನ್ನು ತಮ್ಮ ಜಮಾಅತಿನ ಕಚೇರಿಯಲ್ಲಿ ಓದಿಸಿದ್ದಾರೆ?

ಆ ಹೆಣ್ಣಿಗೆ ಎದುರಾದದ್ದು ಧರ್ಮವಲ್ಲ, ಧರ್ಮದ ಕುರ್ಚಿಯ ಮೇಲೆ ಕುಳಿತ ಅಂತಸ್ತು. ಧರ್ಮ ಹೇಳುವುದು ಬೇರೆಯೇ. ಕುರೈಷರ ಪ್ರತಿಷ್ಠಿತ ಮಖ್ಝೂಮ್ ಮನೆತನದ ಹೆಣ್ಣೊಬ್ಬಳು ಕಳ್ಳತನದಲ್ಲಿ ಸಿಕ್ಕಿದಾಗ, ಆಕೆಯ ಪರ ಶಿಫಾರಸು ಮಾಡಲು ಪ್ರವಾದಿಯವರ(ಸ) ಪ್ರೀತಿಯ ಉಸಾಮಾರನ್ನು ಕಳಿಸಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಪ್ರವಾದಿಯವರು ಕೋಪಗೊಂಡರು. ಪ್ರತಿಷ್ಠಿತರು ಕದ್ದರೆ ಬಿಟ್ಟು ದುರ್ಬಲರು ಕದ್ದರೆ ಶಿಕ್ಷಿಸಿದ್ದರಿಂದಲೇ ಹಿಂದಿನ ಜನಾಂಗಗಳು ನಾಶವಾದವು ಎಂದರು, ತಮ್ಮ ಮಗಳೇ ಆಗಿದ್ದರೂ ಶಿಕ್ಷೆ ಅದೇ ಆಗಿರುತ್ತಿತ್ತು ಎಂದರು. ಇನ್ನೊಂದೆಡೆ, ಖಲೀಫಾ ಉಮರ್ ಕ್ಷಾಮದ ವರ್ಷದಲ್ಲಿ ಕಳ್ಳತನದ ಶಿಕ್ಷೆಯನ್ನೇ ತಡೆಹಿಡಿದರು.

ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ಓದಬೇಕು. ಅಂತಸ್ತು ಶಿಕ್ಷೆಯನ್ನು ಇಳಿಸಬಾರದು, ಹಸಿವು ಇಳಿಸಬಹುದು. ನಾವು ಮಾಡುತ್ತಿರುವುದು ತಿರುವುಮುರುವು. ಸಮಾಜದಲ್ಲಿ ಗೌರವಸ್ಥ, ಮೊದಲ ತಪ್ಪು, ಮಾನ ಹೋಗಿದ್ದೇ ಶಿಕ್ಷೆ ಎಂದು ಇದ್ದವನಿಗೆ ಕರುಣೆ ತೋರುತ್ತೇವೆ. ಕೆಲಸವಿಲ್ಲದವನು, ವಿಳಾಸವಿಲ್ಲದವನು, ಬಿಟ್ಟರೆ ಮತ್ತೆ ಕದಿಯುತ್ತಾನೆ ಎಂದು ಇಲ್ಲದವನಿಗೆ ಕಠಿಣರಾಗುತ್ತೇವೆ.

ಮಾಡಬಹುದಾದದ್ದು

ಕನ್ನಡಿಗರೇ ಆದ ನ್ಯಾಯಮೂರ್ತಿ ವಿ.ಎಸ್. ಮಳೀಮಠರ ಸಮಿತಿ 2003ರಲ್ಲೇ ಶಿಕ್ಷೆಯ ಪ್ರಮಾಣಕ್ಕೆ ಮಾರ್ಗಸೂಚಿ ರೂಪಿಸುವ ಶಾಸನಬದ್ಧ ಸಮಿತಿ ಬೇಕೆಂದಿತ್ತು. ಆ ಸಮಿತಿಯ ಬೇರೆ ಕೆಲವು ಶಿಫಾರಸುಗಳಿಗೆ ಮಾನವ ಹಕ್ಕುಗಳ ಸಂಘಟನೆಗಳ ವಿರೋಧವಿತ್ತು, ಅದು ಸರಿಯೂ ಇತ್ತು. ಆದರೆ ಈ ಒಂದು ಶಿಫಾರಸನ್ನು ಕೈಬಿಟ್ಟದ್ದರಿಂದ ನಷ್ಟವಾದದ್ದು ಬಡವರಿಗೆ. 2023ರಲ್ಲಿ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿನ ಯೋಜನೆ ತಂದು, ದಂಡಕ್ಕೆ 25,000, ಜಾಮೀನಿಗೆ 40,000 ರೂಪಾಯಿವರೆಗೆ ಕೊಡಲು ಅವಕಾಶ ಮಾಡಿತು. 2023ರ ಭಾರತೀಯ ನ್ಯಾಯ ಸಂಹಿತೆ ಐದು ಸಾವಿರ ರೂಪಾಯಿಗಿಂತ ಕಡಿಮೆ ಮೌಲ್ಯದ ಮೊದಲ ಕಳವಿಗೆ, ಮಾಲು ಮರಳಿಸಿದರೆ, ಸಮುದಾಯ ಸೇವೆಯನ್ನು ಶಿಕ್ಷೆಯಾಗಿಸಿದೆ. ಸಣ್ಣ ಹೆಜ್ಜೆಗಳೇ ಸರಿ, ಆದರೆ ಇವುಗಳ ಸುದ್ದಿ ಜೆ.ಜೆ. ನಗರದ, ಶ್ರೀರಾಂಪುರದ ಓಣಿಗಳಿಗೆ ತಲುಪಬೇಕಲ್ಲ? ಜಮಾಅತುಗಳು, ಸಂಘಗಳು, ಯುವಕ ಮಂಡಳಿಗಳು ಅರ್ಜಿ ಬರೆದುಕೊಡುವ ಒಬ್ಬರನ್ನು ವಾರಕ್ಕೊಂದು ದಿನ ಕೂರಿಸಿದರೂ ಸಾಕು.

ಝಕಾತಿನ ಹಕ್ಕುದಾರರಲ್ಲಿ ಸೆರೆಯವರ ವಿಮೋಚನೆಯನ್ನೂ ಸಾಲದಲ್ಲಿ ಸಿಕ್ಕಿಬಿದ್ದವರನ್ನೂ ಕುರ್‌ಆನ್ ಹೆಸರಿಸಿದೆ. ದಂಡ ಕಟ್ಟಲಾಗದೆ ಒಳಗಿರುವವನು ಈ ಎರಡರಲ್ಲಿ ಯಾವ ಲೆಕ್ಕಕ್ಕೆ ಸೇರುತ್ತಾನೆ ಎಂದು ನಮ್ಮ ಉಲಮಾಗಳು ಚರ್ಚಿಸಲಿ. ಅವನು ಯಾವ ಮತದವನು ಎಂದು ಕೇಳದೆ ಕೊಡುವುದಕ್ಕೆ ಸದಕಾ ಅಂತೂ ಇದ್ದೇ ಇದೆ.

ಬರಹಗಾರರ ಪಾಲಿಗೆ ಬೇರೊಂದು ಕೆಲಸ ಉಳಿದಿದೆ. ಕನ್ನಡದಲ್ಲಿ ಪೊಲೀಸ್ ಠಾಣೆಯ ಕಥೆಗಳಿವೆ, ಕೊಲೆಗಾರರನ್ನು ಭೂತಗಳಂತೆ ತೋರಿಸುವ ಸಿನಿಮಾಗಳಿವೆ. ಅಪರಾಧಿ ಎಂದು ಸಾಬೀತಾದ ಮೇಲೂ ಮನುಷ್ಯನಾಗಿ ಉಳಿದವನ ಕಥೆಗಳು ಬಹಳ ಕಡಿಮೆ. ನ್ಯಾಯಾಲಯ 'ಇವನು ಯಾರು?' ಎಂದು ಕೇಳುವ ಆ ಒಂದು ಗಂಟೆಯಲ್ಲಿ ಉತ್ತರವಿಲ್ಲದೆ ತಲೆ ತಗ್ಗಿಸಿ ನಿಲ್ಲುವವನ ಪರ ವಕಾಲತ್ತು ವಹಿಸಲು ಕಪ್ಪು ಕೋಟೇ ಬೇಕೆಂದಿಲ್ಲ.